ಮೂರನೇ ರೀಲು

ಒಂದೇ ಪ್ರಿಂಟು, ಎರಡು ಟಾಕೀಸು.
ಕೌಲ್ ಬಜಾರಿನಲ್ಲಿ ಆಟ ಶುರುವಾದ ಅರ್ಧ ಗಂಟೆಗೆ
ಮೋತಿ ಸರ್ಕಲ್ಲಿನ ಆಚೆ ಇನ್ನೊಂದು.
ನಡುವೆ ನಮ್ಮಪ್ಪ ಗಾದಿಲಿಂಗಪ್ಪ,
ಅವನ ಸೈಕಲ್ಲು, ಹಿಂದೆ ಟ್ಯೂಬಿನಲ್ಲಿ ಬಿಗಿದ ತಗಡಿನ ಡಬ್ಬಿ.
ರೈಲ್ವೆ ಗೇಟು ಬಿತ್ತೆಂದರೆ
ಆ ಕಡೆ ಆರುನೂರು ಜನ ಕತ್ತಲಲ್ಲಿ ಶಿಳ್ಳೆ ಹೊಡೆದು
ಹೆಸರು ಹಿಡಿದು ಬೈಯುತ್ತಿದ್ದರು.
ಸಿನಿಮಾದಲ್ಲಿ ಅವನಿಗೆ ಸಿಕ್ಕ ಹೆಸರು ಅದೇ.

ಇಪ್ಪತ್ತೆರಡು ವರ್ಷ ಹೊತ್ತವನು
ಒಂದು ಪಿಚ್ಚರನ್ನೂ ಪೂರ್ತಿ ನೋಡಲಿಲ್ಲ.
ಶುರು ಗೊತ್ತು, ಕೊನೆ ಗೊತ್ತು;
ಮೂರನೇ ರೀಲು ಓಡುವಾಗ ಪ್ರತಿ ಸಲ
ಮೊದಲೆರಡನ್ನು ಹೊತ್ತು ರಸ್ತೆಯ ಮೇಲೆ.
ರಾತ್ರಿ ಎಣ್ಣೆಯಿಳಿದ ಮಿರ್ಚಿ ಪೊಟ್ಟಣ ಬಿಚ್ಚುತ್ತ ಕೇಳುವನು:
"ಹುಲಿಗೀ, ಆ ತಮ್ಮ ಹೊಳಿ ದಂಡಿಗೆ ನಿಂತಿದ್ದ.
ಬಂದು ನೋಡಿದ್ರ ಜೈಲಿನಾಗ ಅದಾನ.
ನಡುವ ಏನಾತು?"

ನಾನೂ ನೋಡಿರಲಿಲ್ಲ. ಹೇಳಿದೆ.
ಒಂದು ದೋಣಿ ತಂದೆ, ಒಂದು ಸುಳ್ಳುಸಾಕ್ಷಿ,
ಪೊಲೀಸಪ್ಪನಿಗೆ ಕೆಮ್ಮುವ ಹೆಂಡತಿಯೊಬ್ಬಳು.
ಅಪ್ಪ ಕೈಯಲ್ಲಿದ್ದುದನ್ನು ಬಾಯಿಗಿಡುವುದು ಮರೆತ.
ನನ್ನ ಮೊದಲ ಸಂಭಾವನೆ ಅರ್ಧ ಮಿರ್ಚಿ.

ಆಮೇಲೆ ಹೈದರಾಬಾದು.
ಕಾರ್ಟೂನ್ ಕಾಗೆಯೊಂದಕ್ಕೆ ಹನ್ನೊಂದು ವರ್ಷ ಕತೆ ಬರೆದೆ.
ಅಲ್ಲಿ ಬರೆಯದ್ದು ಇರುವುದೇ ಇಲ್ಲ.
ಎಲೆ ಅಲುಗಬೇಕೆ? ಬರಿ: ಎಲೆ ಅಲುಗುತ್ತದೆ.
ಕಾಗೆ ರೆಪ್ಪೆ ಬಡಿಯುತ್ತದೆ, ಒಂದು ಸಲ.
ಎರಡಾದರೆ ಖರ್ಚು, ಎಂದ ನಿರ್ಮಾಪಕ.
ದುಃಖವನ್ನು ಹನ್ನೆರಡು ಚಿತ್ರಗಳಲ್ಲಿ,
ಅಂದರೆ ಅರ್ಧ ಸೆಕೆಂಡಿನಲ್ಲಿ, ಮುಗಿಸುವುದು ಕಲಿತೆ.
ನೆರಳನ್ನೂ ನಾನೇ ಬರೆಯಬೇಕು. ಮರೆತ ವಾರ
ಕಾಗೆ ನೆರಳಿಲ್ಲದೆ ಅಂಗಳ ದಾಟಿತು;
ಮಗುವೊಂದು ಹೆದರಿ ಹಾಲು ಬಿಟ್ಟಿತೆಂದು ಪತ್ರ ಬಂತು.

ನಲವತ್ತಕ್ಕೆ ಮೈಯುಳ್ಳ ಮನುಷ್ಯರಿಗೆ ಬರೆಯಲು ಹೊರಟೆ.
ಅಭ್ಯಾಸ ಬಿಡಲಿಲ್ಲ: "ಅವಳು ಉಸಿರಾಡುತ್ತಾಳೆ" ಎಂದು ಬರೆದಿದ್ದೆ.
ನಿರ್ದೇಶಕ ಕೆಂಪು ಪೆನ್ನಿನಲ್ಲಿ ಕೇಳಿದ: ಇಲ್ಲದಿದ್ದರೆ?
ಇವರು ತಮ್ಮಷ್ಟಕ್ಕೆ ರೆಪ್ಪೆ ಬಡಿಯುತ್ತಾರೆ,
ಹೇಳದೆ ಸೀನುತ್ತಾರೆ. ನನ್ನ ದೊಡ್ಡ ದೃಶ್ಯದೊಳಗೆ
ಯಾರದೋ ಮೇಕೆ ನಡೆದು ಬಂದು
ನಾಯಕನ ಕೈಯ ಕಾಗದ ತಿಂದಿತು.
ಇರಲಿ ಎಂದರು. ಎಲ್ಲರೂ ಹೊಗಳಿದ್ದು ಆ ಮೇಕೆಯನ್ನು.

ನಾಲ್ಕು ಬರೆದೆ. ಎರಡು ಪೆಟ್ಟಿಗೆಯಲ್ಲೇ ಇವೆ.
ಒಂದರಲ್ಲಿ, ಹುಲಿಗೆಮ್ಮ ಉದ್ದವಾಯಿತು, ಹುಲಿ ಸಾಕು ಎಂದರು;
ಸನ್ಮಾನಕ್ಕೆ ಕರೆದವರು ಸೀರೆ ತರದೆ ಪೇಟ ತಂದಿದ್ದರು.

ನಾಲ್ಕನೆಯದು ಬಳ್ಳಾರಿಗೆ ಬಂತು.
ಬಂತು ಅನ್ನುವುದೂ ತಪ್ಪು, ಉಪಗ್ರಹದಿಂದ ಇಳಿಯಿತಂತೆ;
ಡಬ್ಬಿಯಿಲ್ಲ, ಹೊರುವವನಿಲ್ಲ.
ಅಪ್ಪನನ್ನು ಆಟೋದಲ್ಲಿ ಕರೆದೊಯ್ದೆ.
ಇಸ್ತ್ರಿ ಅಂಗಿ, ಮೆತ್ತನೆ ಕುರ್ಚಿ.
"ತಂಪು ಭಾಳ ಆತು" ಎಂದ, ಅಷ್ಟೇ.

ಮೂವತ್ತೈದನೆಯ ನಿಮಿಷ.
ಪರದೆಯ ಮೇಲೆ ಒಬ್ಬ ಸೈಕಲ್ಲು ಹಿಡಿದು
ಬಿದ್ದ ಗೇಟಿನ ಮುಂದೆ ನಿಂತಿದ್ದಾನೆ.
ಅವನಿಗೆಂದೇ ಬರೆದದ್ದು, ಏಳು ಸಲ ತಿದ್ದಿ.
ಆಗಲೇ ಅಪ್ಪ ಎದ್ದ.
ಯಾರೂ ಕರೆದಿರಲಿಲ್ಲ. ಕಾಲಿಗೆ ಹೊತ್ತು ಗೊತ್ತಿತ್ತು.

ಹಿಂದೆಯೇ ಹೋದೆ. ಸುಡುವ ಬಿಸಿಲಲ್ಲಿ
ಸ್ಕೂಟರುಗಳ ನಡುವೆ ತನ್ನ ಸೈಕಲ್ಲು ಹುಡುಕುತ್ತಿದ್ದವನು
ನನ್ನನ್ನು ಕಂಡು ನಾಚಿ ಕಟ್ಟೆಯ ಮೇಲೆ ಕೂತ.
"ಒಳಗ ಈಗ ಏನ್ ನಡದೈತಿ?"

ಬರೆದದ್ದನ್ನು ನಾನು ಹೇಳಲಿಲ್ಲ.
"ಒಂದು ದೋಣಿ ಬಂತಪ್ಪ," ಎಂದೆ.
ಸ್ವಲ್ಪ ಹೊತ್ತು ಬಿಟ್ಟು ಕೇಳಿದ:
"ಕೆಮ್ಮಾಕಿ ಅದಾಳೇನು?"