ಮುಸಫ್ಫಾದಲ್ಲಿ ಗಾಜಿನ ಕೆಲಸ

ಕೂದಲಿಗಿಂತ ತೆಳು, ಎನ್ನುತ್ತಾರೆ ಎಲ್ಲರೂ.
ಸುಳ್ಳಲ್ಲ. ಆದರೆ ಕೂದಲು ಬೆರಳಿಗೆ ಚುಚ್ಚಿ
ಮಾಂಸದೊಳಗೆ ಕಾಣದ ಹಾಗೆ ಕೂರುವುದಿಲ್ಲ.
ಆರು ವರ್ಷದಲ್ಲಿ ನನ್ನ ಹೆಬ್ಬೆರಳೊಳಗೆ ಎಷ್ಟು ಚೂರು ಉಳಿದಿವೆಯೋ,
ಟಾರ್ಚ್ ಹಿಡಿದರೆ ಮಿನುಗಲೂಬಹುದು.

ನೀಲಿ, ಕಿತ್ತಳೆ, ಹಸಿರು, ಕಂದು,
ಬೂದಿ, ಬಿಳಿ, ಕೆಂಪು, ಕಪ್ಪು,
ಹಳದಿ, ನೇರಳೆ, ಗುಲಾಬಿ, ತಿಳಿನೀಲಿ.
ಹದಿನೈದರ ಮಗ್ಗಿ ಬಾರದೆ
ಕೊಣಾಜೆ ಶಾಲೆಯ ಅಂಗಳದಲ್ಲಿ ಬಿಸಿಲಿಗೆ ನಿಂತವನು
ಈ ಹನ್ನೆರಡು ಎಳೆಯನ್ನು ನಿದ್ದೆಯಲ್ಲೂ ತಪ್ಪುವುದಿಲ್ಲ.

ನಲವತ್ತಾರು ಡಿಗ್ರಿಯಲ್ಲಿ ವ್ಯಾನಿನ ಏಸಿ ಆರಿಸುತ್ತೇವೆ.
ಗಾಳಿ ಬಡಿದರೆ ಎಳೆ ನಡುಗುತ್ತದೆ.
ಬೆವರು ರೆಪ್ಪೆಯ ತುದಿಗೆ ಬಂದು ಕಾಯುತ್ತದೆ.
ಉಸಿರು ಹಿಡಿದು ಮುಚ್ಚಳ ಹಾಕಿದರೆ
ಒಂದು ಕಿಡಿ, ಅಷ್ಟೇ, ಎರಡು ತುದಿ ಒಂದು.
ಪರದೆಯ ಮೇಲೆ ನಷ್ಟದ ಲೆಕ್ಕ:
ಸೊನ್ನೆ ಪಾಯಿಂಟ್ ಸೊನ್ನೆ ಎರಡು.
ಮಿಸ್ರಿ ಮೇಸ್ತ್ರಿ ಹಮ್ದಿ ಬೆನ್ನು ತಟ್ಟುತ್ತಾನೆ,
'ಮಿಯ್ಯಾ ಮಿಯ್ಯಾ!'
ನೂರಕ್ಕೆ ನೂರು ಎಂದರ್ಥ.
ಸಂಬಳದ ದಿನ ಮಾತ್ರ ಈ ಮಾತು ಅವನ ಬಾಯಲ್ಲಿ ಕೇಳಿಲ್ಲ.

ನಿನ್ನೆ ಒಂದು ವಿಲ್ಲಾ.
ಗೇಟಿಗೆ ಕಣ್ಣಿತ್ತು, ಫ್ರಿಜ್ಜಿಗೆ ನೆಟ್ಟಿತ್ತು,
ಈಜುಕೊಳ ತನ್ನ ಬಿಸಿಯನ್ನು ತಾನೇ ಯಾರಿಗೋ ತಿಳಿಸುತ್ತಿತ್ತು.
ಹತ್ತು ವರ್ಷದ ಹುಡುಗ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ:
'ಎಷ್ಟು ಬರುತ್ತೆ ಈಗ?'
'ಸಾವಿರ' ಅಂದೆ, ನಾನೇ ಕೊಟ್ಟ ಹಾಗೆ.
'ಅಷ್ಟೇನಾ?'

ಕ್ಯಾಂಪಿನ ಹದಿನಾಲ್ಕನೇ ರೂಮಿನಲ್ಲಿ ನಾವು ಎಂಟು ಜನ.
ವಾಟ್ಸಾಪಿನಲ್ಲಿ ಅಕ್ಷರ ಹೋಗುತ್ತದೆ, ಫೋಟೋ ಹೋಗುತ್ತದೆ,
ಕಾಲ್ ಮಾಡಿದರೆ ಅಲ್ಲಿ ರಿಂಗಾಗುತ್ತದೆ,
ಎತ್ತುತ್ತಾಳೆ,
ಆಮೇಲೆ ಇಬ್ಬರಿಗೂ ಏನೂ ಇಲ್ಲ.
ಇಲ್ಲಿಯ ಕಾನೂನು. ದುಡ್ಡು ಕಟ್ಟಿದರೆ ಬೇರೆ ಆ್ಯಪ್ ಉಂಟು;
ದಿಲ್ ಬಹಾದೂರ್ ಕಟ್ಟುತ್ತಾನೆ, ಅವನಿಗೆ ಹುಟ್ಟಿದ ಮಗು ಹೊಸದು.
ನನ್ನದು ವಾಯ್ಸ್ ಮೆಸೇಜಿನ ಸಂಸಾರ.

ಈ ತಿಂಗಳು ಜಗಳ.
ಅವಳ ತಮ್ಮ ನನ್ನ ಬೈಕ್ ಒಯ್ದು ತೊಕ್ಕೊಟ್ಟಿನಲ್ಲಿ ಗುದ್ದಿದ್ದಕ್ಕೆ.
ಅವ್ವಮ್ಮ ನಾಲ್ಕಕ್ಕೆ ಸಿಟ್ಟಾದದ್ದು ನನಗೆ ಒಂಬತ್ತಕ್ಕೆ ಮುಟ್ಟುತ್ತದೆ.
ನಾನು ರೇಗುವಾಗ ಅವಳಿಗೆ ನಿದ್ದೆ.
ಬೆಳಿಗ್ಗೆ ಅವಳು ಕ್ಷಮಿಸಿದ್ದು
ನಾನು ಇನ್ನೂ ಹೇಳಿರದ ಮಾತನ್ನೋ,
ಹೇಳಿ ಅಳಿಸಿದ್ದನ್ನೋ, ಗೊತ್ತಾಗುವುದಿಲ್ಲ.

ನಮ್ಮಲ್ಲೊಂದು ಮೆಷಿನ್ ಇದೆ.
ಎಳೆಯ ಒಂದು ತುದಿಯಿಂದ ಬೆಳಕು ಬಿಟ್ಟರೆ
ತಿರುಗಿ ಬಂದ ಚೂರನ್ನು ಅಳೆದು ಹೇಳುತ್ತದೆ:
ಎರಡು ಸಾವಿರದ ಮುನ್ನೂರ ನಲವತ್ತು ಮೀಟರಿನಲ್ಲಿ ತುಂಡಾಗಿದೆ, ಅಲ್ಲಿ ಅಗೆಯಿರಿ.

ಮೊನ್ನೆ ಜೇಸಿಬಿ ನಮ್ಮ ಕ್ಯಾಂಪಿನ ರಸ್ತೆಯದನ್ನೇ ಕಿತ್ತಿತು.
ಲುಂಗಿ, ಬನಿಯನ್, ಹಲ್ಲುಜ್ಜುವ ಬ್ರಷ್ಷು,
ಮೂರು ದೇಶದ ಜನ ಗುಂಡಿಯ ಸುತ್ತ.
ಸಿಲ್ಹೆಟ್ಟಿನ ಮುದುಕ ಬಗ್ಗಿ ಕೇಳಿದ,
'ಇದಾದ ಮೇಲೆ ಕಾಲ್ ಹೋಗುತ್ತಾ, ಭಾಯ್?'
ಬೆಳಕು ಸರಿಮಾಡುತ್ತೇನೆ ಚಾಚಾ,
ಮಾತು ನನ್ನ ಇಲಾಖೆ ಅಲ್ಲ.

ಅವಳ ಕೊನೆಯ ಮೆಸೇಜಿನಲ್ಲಿ ಮಾತು ಮುಗಿದ ಮೇಲೂ
ಬೆರಳು ತೆಗೆಯಲು ಮರೆತಿದ್ದಾಳೆ.
ಹನ್ನೊಂದು ಸೆಕೆಂಡು.
ಫ್ಯಾನಿನ ಕಿರ್ರು, ಕುಕ್ಕರಿನ ಅರ್ಧ ಸೀಟಿ,
ಅವಳು ಮೂಗೆಳೆದದ್ದು. ಶೀತವೂ ಇರಬಹುದು.
ಎಷ್ಟು ಸಲ ಕೇಳಿದೆನೋ, ಬೈಕಿನ ವಿಷಯ ಹಿಂದೆ ಬಿತ್ತು.

ಇವತ್ತು ವ್ಯಾನಿನಲ್ಲಿ ಫೋನನ್ನು ತೊಡೆಯ ಮೇಲಿಟ್ಟು
ಏನೂ ಹೇಳದೆ ರೆಕಾರ್ಡ್ ಒತ್ತಿದೆ.
ನಾನು ಉಸಿರು ಹಿಡಿದದ್ದು, ಬಿಟ್ಟದ್ದು,
ಮೆಷಿನ್ನಿನ ಬೀಪು, ಹಮ್ದಿಯ ಕೂಗು.
ಕಳಿಸಿದೆ.

ರಾತ್ರಿ ಉತ್ತರ ಬಂತು, ಎರಡೇ ಸೆಕೆಂಡು:
'ಮಿಯ್ಯಾ ಮಿಯ್ಯಾ ಅಂತ ಬೈದದ್ದು ಯಾರು ನಿಮಗೆ?'