ಓಯ್

ಉಲಾನ್‌ಬಾತರ್. ಸೊನ್ನೆಗೆ ಮೂವತ್ತು ಕೆಳಗೆ.
ಕಿಟಕಿಯ ಒಳಮೈಗೂ ಮಂಜು ಕಚ್ಚಿದೆ.
ಖುಲಾನ್ ಕೈಗವಸು ಕಳಚಿ
ಮೊದಲು ಗೋಡೆಯ ಬಿಸಿನೀರ ಕೊಳವೆ ಮುಟ್ಟುತ್ತಾಳೆ.
ಚಟ್!
ಬೆರಳತುದಿಯಿಂದ ನೀಲಿ ಕಿಡಿಯೊಂದು ಕೊಳವೆಗೆ ಹಾರುತ್ತದೆ.
ಈ ಒಣ ಚಳಿಯಲ್ಲಿ ಮೈಯೆಲ್ಲ ಮಿಂಚು;
ಬೆಕ್ಕೂ ಎರಡು ಸಲ ಯೋಚಿಸಿ ಹತ್ತಿರ ಬರುತ್ತದೆ.
ಇದೇ ಕಿಡಿ ರ‍್ಯಾಮಿಗೆ ತಗುಲಿದ್ದರೆ
ಎಪ್ಪತ್ತು ಸಾವಿರ ತುಗ್ರಿಕ್ ನೀರಲ್ಲಿ ಹೋಮ.

ಕೊಳವೆಯೊಳಗಿನ ನೀರು ಅವಳಿಗೆ ಗುರುತಿನದು.
ಹಗಲು ಪಾಳಿಯಲ್ಲಿ ಬಾಯ್ಲರಿನ ಮುಂದೆ ನಿಂತು
ಕುದಿಸಿ ಕಳಿಸಿದವಳು ತಾನೇ.
ಊರೆಲ್ಲ ಅಲೆದು, ಸಾವಿರ ಮನೆಯ ಚಳಿ ತಿಂದು
ಅವಳ ಪಾಲಿಗೆ ಬರುವಾಗ ಉಗುರುಬೆಚ್ಚಗೆ.

ಮೇಜಿನ ಮೇಲೆ ಪಕ್ಕೆ ತೆರೆದು ಮಲಗಿದೆ ಯಂತ್ರ.
ನೆತ್ತಿಯ ಮೇಲೆ ಇನ್ನೂ ಹದಿನೇಳು ಎಂಬ ಅಂಟುಚೀಟಿ.
ಗೇಮ್ ಅಂಗಡಿ ಮುಚ್ಚಿದ ವರ್ಷ
ಎರಡು ತಿಂಗಳ ಸಂಬಳದ ಬದಲು ಮಾಲೀಕ ಕೊಟ್ಟದ್ದು ಇದನ್ನೇ.
ಆಗ ಅವಳದು ರಾತ್ರಿ ಕಾವಲು:
ಶಾಲೆ ತಪ್ಪಿಸಿದ ಹುಡುಗರನ್ನು ಬಾಗಿಲಲ್ಲಿ ಬೈಯುವುದು,
ಬೈದು, ಒಳಗೆ ಬಿಡುವುದು.
ಕೀಲಿಮಣೆಯ ನಾಲ್ಕು ಗುಂಡಿಗಳಲ್ಲಿ ಅಕ್ಷರವೇ ಉಳಿದಿಲ್ಲ.
ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ
ಎಷ್ಟು ಬೆರಳು ಓಡಿದ್ದವು ಇಲ್ಲಿ!

ಒಳಗಿರುವುದು ದೂಳಲ್ಲ, ಮಸಿ.
ಹದಿಮೂರು ಚಳಿಗಾಲದ ಕಲ್ಲಿದ್ದಲ ಹೊಗೆಯನ್ನು
ಫ್ಯಾನು ಉಸಿರಾಡಿ ಎದೆಗಿಳಿಸಿಕೊಂಡದ್ದು.
ಪಾಪ, ಅದರ ತಪ್ಪೇನು.
ಹೊಸ ಆಟಗಳ ಹಸಿವು ದೊಡ್ಡದು.
ಪರದೆಯ ಮೇಲೆ ಪಟ್ಟಿ ತೆವಳುತ್ತ
ಎಂಬತ್ತೊಂದು, ಎಂಬತ್ತೊಂದು, ಎಂಬತ್ತೆರಡು...
ಖುಲಾನ್ ಕಣಕ್ಕಿಳಿಯುವಷ್ಟರಲ್ಲಿ
ತಂಡದಲ್ಲಿ ಇಬ್ಬರು ಸತ್ತಿರುತ್ತಾರೆ, ಮೂರನೆಯವನು ಬೈಯುತ್ತಿರುತ್ತಾನೆ:
"ಅಕ್ಕಾ, ಒಂಟೆ ಮೇಲೆ ಬಂದೆಯಾ?"
ದಾರ್ಖಾನ್ ಊರಿನ ಆ ಹುಡುಗನ ಮುಖ ಅವಳು ಕಂಡಿಲ್ಲ.

ಸಂತೆಯಲ್ಲಿ ಕುದುರೆ ಜೀನುಗಳ ಸಾಲು ದಾಟಿದರೆ
ತ್ಸೊಗ್ತೂನ ಕಬ್ಬಿಣದ ಡಬ್ಬಿಯಂಗಡಿ.
ಎರಡು ಹಸಿರು ಪಟ್ಟಿ, ಒಂದೊಂದೂ ಎಂಟು ಜಿ.ಬಿ.
"ಯಾರದಾಗಿತ್ತು ಇದು?"
"ಯಾರದಾದರೇನು ತಂಗಿ? ಇದು ಸಾಲ ತಗೊಂಡವನ ತಲೆ.
ಕರೆಂಟು ಹೋಯಿತೋ, ಎಲ್ಲ ಮರೆವು."

ಸನಾಖ್ ಓಯ್, ಎನ್ನುತ್ತಾರೆ ಇದಕ್ಕೆ ಅವರ ಮಾತಲ್ಲಿ.
ಓಯ್ ಎಂದರೆ ನೆನಪು. ಓಯ್ ಎಂದರೆ ಕಾಡು.
ನಾನಿದನ್ನು ಬರೆಯುತ್ತಿರುವ ಮಾತಲ್ಲಿ
ಕಾಡು ಎಂದರೆ ಕಾಡು,
ಕಾಡು ಎಂದರೆ ಬಿಡದೆ ಬೆನ್ನು ಹತ್ತು.
ಓಯ್ ಎಂದರೆ, ದೂರ ಹೋಗುತ್ತಿರುವವರನ್ನು ಕೂಗಿ ನಿಲ್ಲಿಸುವ ಸದ್ದು.
ಯಾರು ಯಾರಿಗೆ ಹೇಳಿಕೊಟ್ಟರು ಇದನ್ನೆಲ್ಲ?
ಯಾರೂ ಇಲ್ಲ. ಸುಮ್ಮನೆ ಹಾಗಾಗಿದೆ.

ಹಳೆಯದನ್ನು ಕಿತ್ತು ಹೊಸದನ್ನು ಹೆಬ್ಬೆರಳಲ್ಲಿ ಅದುಮಿದಳು,
ಕಟಕ್, ಕಟಕ್.
ಗುಂಡಿ ಒತ್ತಿದರೆ ಮೂರು ಸಲ ಕೀಂ ಕೀಂ ಕೀಂ,
ಪರದೆ ಕಡುಗಪ್ಪು.
ಮತ್ತೆ ತೆಗೆದಳು. ಮಗಳ ಕಂಪಾಸು ಪೆಟ್ಟಿಗೆಯಿಂದ
ಗುಲಾಬಿ ರಬ್ಬರು ಕದ್ದು
ಚಿನ್ನದ ಹಲ್ಲುಗಳನ್ನು ಉಜ್ಜಿದಳು, ಹಾಲುಹಲ್ಲು ತಿಕ್ಕಿದಂತೆ.
ಒಂದು ಗೂಡು ಕೊನೆಗೂ ಒಪ್ಪಲಿಲ್ಲ.
ಒಪ್ಪಿದ ಗೂಡಿಗೆ ಎಂಟು. ಅಷ್ಟೇ ಸಾಕು,
ನಾಲ್ಕರಲ್ಲಿ ಬಾಳಿದವಳಿಗೆ.

ರಾತ್ರಿ ಹನ್ನೊಂದು. ಪಟ್ಟಿ ತೆವಳಲಿಲ್ಲ, ಹಾರಿತು.
ಖುಲಾನ್ ಕಣದಲ್ಲಿ ನಿಂತಿದ್ದಾಳೆ,
ಇನ್ನೂ ಯಾರೂ ಬಂದಿಲ್ಲ.
ಈ ಕಾಡಿನಂಚಿಗೆ ಸಾವಿರ ಸಲ ಓಡಿ ಬಂದಿದ್ದಳು,
ಬಂದಾಗೆಲ್ಲ ಹೊಗೆ, ಗುಂಡು, ಬೈಗುಳ.
ಇಲ್ಲಿ ಹುಲ್ಲಿದೆ ಎಂದೇ ಗೊತ್ತಿರಲಿಲ್ಲ.
ಹುಲ್ಲು ಗಾಳಿಗೆ ಒಂದೇ ದಿಕ್ಕಿಗೆ ಬಾಗುತ್ತದೆ.
ಮುರಿದ ಬೇಲಿಗೂಟದ ಮೇಲೊಂದು ಹಕ್ಕಿ,
ಯಾರೋ ಕೂತು, ಗರಿ ಗರಿಯಾಗಿ ಬರೆದದ್ದು,
ಕತ್ತು ತಿರುಗಿಸಿ ಇವಳನ್ನೇ ನೋಡುತ್ತದೆ.

ಕಿವಿಯಲ್ಲಿ ದಾರ್ಖಾನಿನ ದನಿ:
"ಅಕ್ಕಾ, ಒಂಟೆ ಮಾರಿದೆಯಾ?"

ಆ ರಾತ್ರಿ ಮೊದಲು ಸತ್ತದ್ದೂ ಅವಳೇ.
ಹಕ್ಕಿ ನೋಡುತ್ತ ನಿಂತುಬಿಟ್ಟಿದ್ದಳು.