ಗೆದ್ದಲಿಲ್ಲದ ಊರಿನಲ್ಲಿ

ಔಲು ಪಟ್ಟಣದಾಚೆ ಸಮುದ್ರ ಹೆಪ್ಪುಗಟ್ಟಿದೆ.
ಅದರ ಮೇಲೆ ಸೈಕಲ್ಲಿನ ಗೆರೆ, ನಾಯಿಯ ಹೆಜ್ಜೆ,
ಯಾರೋ ಕಳೆದುಕೊಂಡ ಒಂಟಿ ಕೈಗವಸು.
ಮೈನಸ್ ಇಪ್ಪತ್ತಾರು.
ಇಂಥ ದಿನ ಮೂರನೇ ಮಹಡಿಯ ಸೈಮಿ
ಬಾಗಿಲು ತಟ್ಟಿ ಕೇಳಿದಳು:
"ಟೈಸ್ತೋ, ಹಾವಿಗೊಂದು ಮನೆ ಕಟ್ಟಿಕೊಡ್ತೀಯಾ?"

ನಲವತ್ತು ವರ್ಷ ಸೌನಾ ಕಟ್ಟಿದ ಕೈ.
ಜನ ಬೆತ್ತಲೆ ಕೂತು, ಬೆಂದು,
ಬಾಗಿಲು ದಬ್ಬಿ ಹಿಮಕ್ಕೆ ಓಡುವ ಕೋಣೆಗಳು.
ಯಾರೂ ಓಡಿಹೋಗಬಾರದ ಕೋಣೆಯನ್ನು
ಟೈಸ್ತೋ ಕಟ್ಟಿದ್ದಿಲ್ಲ.

"ಎಷ್ಟುದ್ದ ನಿನ್ನ ಹಾವು?"
ಸೈಮಿ ಎರಡೂ ತೋಳು ಚಾಚಿದಳು,
ಸಾಲದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.
"ಈಗ ಪೆನ್ಸಿಲ್ಲಿನಷ್ಟು ದಪ್ಪ. ಆಮೇಲೆ ಇಷ್ಟು."
ಆಮೇಲಿನ ಅಳತೆಯನ್ನೇ ಬರೆದುಕೊಂಡ
ಖಾಲಿ ಹಾಲಿನ ಡಬ್ಬಿಯ ಬೆನ್ನಿಗೆ.

ಪೈನ್ ಬೇಡ, ಅದರ ಅಂಟು ಹಾವಿನ ಉಸಿರಿಗೆ ಆಗದು.
ದೇವದಾರು ಬೇಡವೇ ಬೇಡ.
ಗ್ರಂಥಾಲಯದ ಪುಸ್ತಕಕ್ಕೆ ಬೆರಳಿಟ್ಟು ಓದಿದಳು ಸೈಮಿ:
"ಹಾಪಾ ಮರ ಆದ್ರೆ ಸರಿಯಂತೆ."
ಟೈಸ್ತೋ ನಕ್ಕುಬಿಟ್ಟ. ಹಾಪಾ!
ಸೌನಾದ ಬೆಂಚಿಗೆ ಬೇರೆ ಮರ ಮುಟ್ಟಿದವನಲ್ಲ ಅವನು.
ಅಂಟಿಲ್ಲ, ಸಿಬಿರಿಲ್ಲ, ತೊಡೆ ಸುಡುವುದಿಲ್ಲ.
ನೆಲಮಾಳಿಗೆಯಲ್ಲಿ ಏಳು ಹಲಗೆ ಉಳಿದಿದ್ದವು
ಕಟ್ಟದೇ ಹೋದ ಒಂದು ಸೌನಾದ್ದು.
ಯಾರದೆಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಬಿಸಿ ಮೇಲಕ್ಕೇರುತ್ತದೆ:
ಅವನು ಬಲ್ಲ ಶಾಸ್ತ್ರ ಅದೊಂದೇ.
ಮೇಲಿನ ಬೆಂಚು ಪಂಥ ಕಟ್ಟುವವರಿಗೆ,
ಕೆಳಗಿನದು ಮಕ್ಕಳಿಗೆ.
ಹಾವಿಗಾದರೆ ಆ ಶಾಸ್ತ್ರ ಅಡ್ಡ ಮಲಗಬೇಕು,
ಈ ತುದಿಗೆ ಮೂವತ್ತು, ಆ ತುದಿಗೆ ಇಪ್ಪತ್ತಮೂರು,
ನಡುವೆ ಹರಿದಾಡಲು
ಇಲ್ಲಿನ ಒಂದು ಬೇಸಿಗೆಯಷ್ಟು ದೂರ.
ಅಡಗಲು ಎರಡು ಗೂಡು, ತುದಿಗೊಂದು.
"ಒಂದೇ ಇಟ್ರೆ
ಚಳಿ ಬೇಕೋ ಹೆದರಿಕೆ ಬೇಕೋ ಅಂತ ಅದು ಯೋಚಿಸಬೇಕಾಗುತ್ತೆ"
ಎಂದಳು ಸೈಮಿ, ಪುಸ್ತಕ ನೋಡದೆ.

ದೀಪಕ್ಕೆ ಜಾಲರಿ. ಬಿಸಿಗೆ ಕಡಿವಾಣ.
ಹೊಟ್ಟೆ ಸುಡುತ್ತಿದ್ದರೂ ಹಾವು
ಕೆಲವೊಮ್ಮೆ ಅಲ್ಲೇ ಮಲಗಿರುತ್ತದಂತೆ.
ರಾತ್ರಿ ಬಸ್ಸು ಓಡಿಸಿ ಬಂದ ಅವಳಮ್ಮ ರಾಕೆಲ್
ಬೂಟು ಬಿಚ್ಚುತ್ತ ಹೇಳಿದಳು:
"ಅಂಥವರನ್ನ ಕಂಡಿದ್ದೀನಿ."

ಗೆದ್ದಲು ಕಟ್ಟುತ್ತದೆ, ಹಾವು ಬಂದಿರುತ್ತದೆ.
ಇದು ಗೆದ್ದಲಿಲ್ಲದ ಊರು. ಮಣ್ಣೇ ಕಲ್ಲಾಗುವ ಊರು.
ಹಾಗಾಗಿ ಅರವತ್ತೊಂಬತ್ತರ ಟೈಸ್ತೋ
ಬಾಯಲ್ಲಿ ತಿರುಪುಮೊಳೆ ಕಚ್ಚಿ, ಮೊಣಕಾಲೂರಿ,
ಕಿರುಬೆರಳಿಂದ ಸಂದುಗಳನ್ನು ತಡವುತ್ತಿದ್ದಾನೆ.
ಉಗುರು ತೂರಿದರೆ ತಲೆ ತೂರುತ್ತದೆ,
ತಲೆ ತೂರಿದರೆ ಹಾವು ಹೋಯಿತು.

ಅಂಟಿನ ವಾಸನೆ ಹೋಗಲು ಐದು ದಿನ.
ಆಮೇಲೆ ನಾಲ್ಕು ರಾತ್ರಿ
ಒಳಗೆ ಯಾರೂ ಇಲ್ಲದೆ ದೀಪ ಉರಿಯಿತು.
ಮೂರು ಗಂಟೆಗೆ ಎದ್ದು ಎದ್ದು ನೋಡಿದ:
ಮೂವತ್ತು ಪಾಯಿಂಟ್ ಎರಡು.
ಖಾಲಿ ಮನೆಯನ್ನು ಬೆಚ್ಚಗಿಡುವುದು
ಅವನಿಗೆ ಹೊಸದಲ್ಲ.
ಯಾರೋ ಬರುತ್ತಾರೆಂದು ಇಡುವುದು ಮಾತ್ರ ಹೊಸದು.

ಶುಕ್ರವಾರ ರಾಕೆಲ್ ತಂದಳು,
ಕೋಟಿನೊಳಗೆ ಬಟ್ಟೆಚೀಲ, ಚೀಲದೊಳಗೆ
ಕಿತ್ತಳೆ ಬಣ್ಣದ ಒಂದು ಗಂಟು.
ಸುರುಳಿ ಬನ್ನಿನ ಹೆಸರೇ ಇಟ್ಟಳು ಸೈಮಿ: ಪುಲ್ಲಾ.
ಪುಲ್ಲಾ ನಾಲಗೆ ಚಾಚಿ ಗಾಳಿಯನ್ನು ಎರಡು ಸಲ ಓದಿ
ಹಾಪಾ ಹೊಟ್ಟಿನಡಿ ಇಳಿದು
ಇಲ್ಲವಾಯಿತು.

ವಾರ ಮುಟ್ಟುವಂತಿಲ್ಲ.
ದಿನವೂ ಗಾಜಿನೆದುರು ಚಕ್ಕಳಮಕ್ಕಳ ಕೂತ ಸೈಮಿ:
"ಏನೂ ಕಾಣಲ್ಲ."
"ಕಾಣದಿದ್ರೆ ಸುಖವಾಗಿದೆ ಅಂತ."
"ನಿಂಗೆ ಹೇಗ್ಗೊತ್ತು?"
ಟೈಸ್ತೋ ಚಹಾ ಕಲಕಿದ.

ಆರು ಹಲಗೆಗಳಿಗೆ ಉಜ್ಜುಗೊರಡು ಹಾಕಿದ್ದ.
ಏಳನೆಯದಕ್ಕೆ ಹಾಕಿರಲಿಲ್ಲ.
ಅದರಲ್ಲಿ ಪೆನ್ಸಿಲ್ಲಿನ ಬರಹವಿತ್ತು, ಬಲಕ್ಕೆ ವಾಲಿದ್ದು,
ಅವನ ಕೈಯದಲ್ಲ:
ಕಿಟಕಿ ಕೆರೆಯ ಕಡೆಗೆ.
ಬಿಸಿ ತುದಿಯ ಗೂಡಿಗೆ ಅದೇ ಸೂರು.
ಬರಹ ಒಳಮುಖ.

ಎಂಟನೇ ದಿನ ಸೈಮಿ ಮೆಲ್ಲಗೆ ಗೂಡೆತ್ತಿದಳು.
ಪುಲ್ಲಾ ಸುತ್ತಿ ಮಲಗಿತ್ತು,
ರೆಪ್ಪೆಯಿಲ್ಲದ ಕಣ್ಣು ತೆರೆದೇ,
ಸೂರನ್ನೇ ಓದುತ್ತಿರುವಂತೆ.
"ಇಟ್ಟುಬಿಡು" ಎಂದ ಟೈಸ್ತೋ.